ದೀಪ ಹಚ್ಚಿದರೆ ಚಿಪ್ಪಿನ ಮರಿ ಎಲ್ಲಿ ಕೂರುತ್ತದೆ?

ಜೂನ್, ಜುಲೈ ತಿಂಗಳಲ್ಲಿ ಮಲ್ಪೆ ಕಡೆ ಹೋದವರು ನೋಡಿರಬಹುದು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಆಗ 61 ದಿನ ರಜೆ. ಕೆಲವು ಬೋಟುಗಳನ್ನು ದಡಕ್ಕೆ ಎಳೆದು ನಿಲ್ಲಿಸಿರುತ್ತಾರೆ. ಅಡಿಯಲ್ಲಿ ಜನ ಕೂತು ಏನನ್ನೋ ಕೆರೆಯುತ್ತಿರುತ್ತಾರೆ. ಕೆರೆದದ್ದು ಟಪಟಪ ಅಂತ ನೆಲಕ್ಕೆ ಉದುರುತ್ತದೆ. ಅದರಲ್ಲಿ ಚಿಪ್ಪು, ಸುಣ್ಣದ ಗೂಡು, ಪಾಚಿ ಎಲ್ಲ ಇರುತ್ತವೆ. ಇವು ಅಂಟಿಕೊಂಡ ಬೋಟು ನೀರಿನಲ್ಲಿ ಸಲೀಸಾಗಿ ಜಾರುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಹಾಗಾಗಿ ಕೆರೆಯುವುದು, ಬಣ್ಣ ಬಳಿಯುವುದು ಪ್ರತಿ ವರ್ಷದ ಕೆಲಸ.

ಅಲ್ಲಿ ಸ್ವಲ್ಪ ಬಗ್ಗಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನೀರಿನ ಮಟ್ಟದ ಗೆರೆಯ ಹತ್ತಿರ, ಬಿಸಿಲು ಬೀಳುವ ಕಡೆ, ಹಸಿರು ಪಾಚಿ. ಕೆಳಗೆ ನೆರಳಿನಲ್ಲಿ, ಮೂಲೆ ಸಂದಿಗಳಲ್ಲಿ ಚಿಪ್ಪುಗಳು. ಪಾಚಿ ಗಿಡದ ಜಾತಿ, ಅದಕ್ಕೆ ಬಿಸಿಲು ಬೇಕು, ಸರಿ. ಆದರೆ ಚಿಪ್ಪಿನ ಪ್ರಾಣಿಗೆ ನೆರಳು ಯಾಕೆ ಬೇಕು? ನೆರಳು ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಕಡಲ ಚಿಪ್ಪುಜೀವಿಗಳ ಮರಿಗಳನ್ನು ಬೆಳಕಿನಿಂದಲೇ ಬೇಕಾದ ಕಡೆ ಕೂರಿಸುವ, ಬೇಡದ ಕಡೆ ಕೂರದಂತೆ ತಡೆಯುವ ಪ್ರಯತ್ನಗಳು ಶುರುವಾಗಿದ್ದು ಇದೇ ಪ್ರಶ್ನೆಯಿಂದ. ಎಲ್‌ಇಡಿ ದೀಪ ಅಗ್ಗವಾದ ಮೇಲೆ, ಹಡಗಿನ ವಿಷದ ಬಣ್ಣಗಳ ಮೇಲೆ ಕಟ್ಟುಪಾಡು ಬಿಗಿಯಾದ ಮೇಲೆ ಈ ಕೆಲಸಕ್ಕೆ ವೇಗ ಬಂದಿದೆ.

## ಮೊದಲೇ ಹೇಳಿಬಿಡುವೆ, ಇದು ಲೈಟ್ ಫಿಶಿಂಗ್ ಅಲ್ಲ

ಕಡಲು, ದೀಪ ಅಂದ ತಕ್ಷಣ ನಮ್ಮ ಕರಾವಳಿಯವರಿಗೆ ಲೈಟ್ ಫಿಶಿಂಗ್ ಜಗಳ ನೆನಪಾಗುತ್ತದೆ. ರಾತ್ರಿ ಪ್ರಖರ ದೀಪ ಹಾಕಿ ಮೀನುಗಳನ್ನು ಒಂದೇ ಕಡೆ ಸೇರಿಸಿ ಬಲೆ ಎಳೆಯುವ ವಿಧಾನ ಅದು. ಕೇಂದ್ರ ಸರ್ಕಾರ ಎಲ್‌ಇಡಿ ದೀಪದ ಮೀನುಗಾರಿಕೆಯನ್ನು 2017ರಲ್ಲಿ ನಿಷೇಧಿಸಿತು.

ಇಲ್ಲಿನ ವಿಷಯ ಬೇರೆ. ಇಲ್ಲಿ ದೀಪದ ಎದುರು ಇರುವುದು ಬೆಳೆದ ಮೀನಲ್ಲ, ಅಕ್ಕಿ ಕಾಳಿಗಿಂತ ಎಷ್ಟೋ ಚಿಕ್ಕದಾದ ಮರಿ. ಅದನ್ನು ಹಿಡಿಯುವುದು ಉದ್ದೇಶವಲ್ಲ. ಅದು ಜೀವಮಾನದಲ್ಲಿ ಒಂದೇ ಸಲ ಮಾಡುವ ಒಂದು ಆಯ್ಕೆಯನ್ನು ಬದಲಿಸುವುದು ಉದ್ದೇಶ.

## ಓಡಾಡುವ ಬಾಲ್ಯ, ಕದಲದ ಯೌವನ

ಚಿಪ್ಪುಜೀವಿ ಅಂದರೆ ಯಾವುದು? ಉಡುಪಿ ಕಡೆಯವರು ಪಚ್ಚಿಲೆ, ಉತ್ತರ ಕನ್ನಡದವರು ನೀಲಿಕಲ್ಲು ಅನ್ನುವ ಹಸಿರು ಅಂಚಿನ ಚಿಪ್ಪು ಇದೆಯಲ್ಲ, ಅದೊಂದು. ಕಲ್ಲಿಗೆ ಕಚ್ಚಿಕೊಳ್ಳುವ ಸಿಂಪಿ ಇನ್ನೊಂದು. ಇವೆರಡೂ ಎರಡು ಚಿಪ್ಪಿನ ಮೃದ್ವಂಗಿಗಳು. ಬೋಟಿನ ಅಡಿಯಲ್ಲಿ ಪುಟ್ಟ ಜ್ವಾಲಾಮುಖಿಯ ಹಾಗೆ ಕೂರುವ ಬಾರ್ನಕಲ್ ಮೂರನೆಯದು. ನೋಡಲು ಚಿಪ್ಪಿನಂತಿದ್ದರೂ ಅದು ಏಡಿ, ಸೀಗಡಿಯ ನೆಂಟ. ಬಹಳ ಕಾಲ ವಿಜ್ಞಾನಿಗಳೂ ಅದನ್ನು ಮೃದ್ವಂಗಿ ಅಂತಲೇ ನಂಬಿದ್ದರು. ಐರ್ಲೆಂಡಿನಲ್ಲಿದ್ದ ಜಾನ್ ವಾನ್ ಥಾಮ್ಸನ್ ಎಂಬ ಸೇನಾ ವೈದ್ಯ ಕಡಲಿನಿಂದ ತಂದ ಸಣ್ಣ ಈಜುವ ಜೀವಿಗಳನ್ನು ಗಾಜಿನಲ್ಲಿಟ್ಟು ಕಾದ. ಅವು ಪೊರೆ ಕಳಚಿ ಬಾರ್ನಕಲ್‌ಗಳಾದವು. 1830ರಲ್ಲಿ ಅವನು ಅದನ್ನು ಪ್ರಕಟಿಸಿದ ಮೇಲೆ ಹಳೆಯ ನಂಬಿಕೆ ಬಿತ್ತು.

ಈ ಮೂರಕ್ಕೂ ಒಂದು ಸಮಾನ ಗುಣವಿದೆ. ಬೆಳೆದ ಮೇಲೆ ಇದ್ದಲ್ಲೇ ಇರುತ್ತವೆ. ಆದರೆ ಮರಿಯಾಗಿದ್ದಾಗ ಈಜುತ್ತವೆ. ಈಜುವ ಈ ಮರಿಗೆ ಲಾರ್ವಾ ಎಂದು ಹೆಸರು.

ಸಿಂಪಿಯ ಕಥೆ ನೋಡಿ. ಒಂದು ದೊಡ್ಡ ಹೆಣ್ಣು ಸಿಂಪಿ ನೀರಿಗೆ ಕೋಟಿಗಟ್ಟಲೆ ಮೊಟ್ಟೆ ಬಿಡುತ್ತದೆ. ಮೊಟ್ಟೆ ನೀರಿನಲ್ಲೇ ಫಲವಾಗುತ್ತದೆ. ಒಂದೆರಡು ದಿನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪು ಮೂಡುತ್ತದೆ. ಚಿಪ್ಪಿನಿಂದ ಒಂದು ತೆಳುವಾದ ಪರದೆ ಹೊರಗೆ ಬರುತ್ತದೆ, ಅದರ ಅಂಚಿನ ತುಂಬ ಕೂದಲು. ಆ ಕೂದಲು ಬಡಿಯುತ್ತ ಮರಿ ಈಜುತ್ತದೆ, ಅದರಲ್ಲೇ ಸಣ್ಣ ಪಾಚಿ ಕಣಗಳನ್ನು ಹಿಡಿದು ತಿನ್ನುತ್ತದೆ. ಎರಡು ಮೂರು ವಾರ ಹೀಗೆ ಕಳೆದ ಮೇಲೆ ಅದಕ್ಕೆ ಒಂದು ಕಾಲು ಬೆಳೆಯುತ್ತದೆ. ಕಾಲು ಅಂದರೆ ನಾಲಿಗೆಯಂಥ ಒಂದು ಮಾಂಸದ ತುಂಡು. ಈಗ ಅದು ಈಜಲೂಬಹುದು, ತೆವಳಲೂಬಹುದು.

ಮರಿ ಸೈಟು ಹುಡುಕುವುದು ಆಗಲೇ. ಕೆಳಗಿಳಿದು ಒಂದು ಕಲ್ಲನ್ನು ಮುಟ್ಟಿ, ಕಾಲಿನಿಂದ ತಡವಿ ನೋಡುತ್ತದೆ. ಮೇಲ್ಮೈ ಒರಟೋ ನುಣುಪೋ, ತನ್ನ ಜಾತಿಯವರು ಅಕ್ಕಪಕ್ಕ ಇದ್ದಾರೋ, ಬ್ಯಾಕ್ಟೀರಿಯಾದ ಲೋಳೆ ಪದರ ಹೇಗಿದೆ, ನೀರಿನ ಹರಿವು ಎಷ್ಟು, ಬೆಳಕು ಎಷ್ಟು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹಿಡಿಸದಿದ್ದರೆ ಮತ್ತೆ ಈಜಿ ಬೇರೆ ಕಡೆ ಹೋಗುತ್ತದೆ. ತಣ್ಣಗಿನ ನೀರಿನಲ್ಲಿ ಕೆಲವು ಜಾತಿಯ ಮರಿಗಳು ಈ ನಿರ್ಧಾರವನ್ನು ವಾರಗಟ್ಟಲೆ ಮುಂದೂಡಬಲ್ಲವು. ಹಿಡಿಸಿದರೆ ಅಂಟು ಬಿಟ್ಟು ಕೂರುತ್ತದೆ. ಸಿಂಪಿ ಒಂದು ಚಿಪ್ಪನ್ನೇ ಕಲ್ಲಿಗೆ ಗಾರೆ ಹಾಕಿಕೊಂಡಂತೆ ಅಂಟಿಸಿಕೊಳ್ಳುತ್ತದೆ. ಪಚ್ಚಿಲೆ ನಾರಿನಂಥ ದಾರಗಳನ್ನು ಬಿಟ್ಟು ಕಟ್ಟಿಕೊಳ್ಳುತ್ತದೆ. ಈಜುವ ಪರದೆ ಕರಗಿ ಹೋಗುತ್ತದೆ.

ಈ ಘಟ್ಟಕ್ಕೆ ನೆಲೆಯೂರುವುದು ಎನ್ನೋಣ. ಸಿಂಪಿಗೂ ಬಾರ್ನಕಲ್‌ಗೂ ಇಲ್ಲಿಂದ ಹಿಂದಕ್ಕೆ ದಾರಿಯಿಲ್ಲ. ಪಚ್ಚಿಲೆ ಮಾತ್ರ ದಾರ ಕಳಚಿಕೊಂಡು ಅಲ್ಪಸ್ವಲ್ಪ ಜಾಗ ಬದಲಿಸಬಲ್ಲದು.

## ಈಚಲು ಹುಳ ಮಾಡುವುದೂ ಇದನ್ನೇ

ಮೊದಲ ಮಳೆ ಬಿದ್ದ ಸಂಜೆ ಬೀದಿದೀಪದ ಸುತ್ತ ಈಚಲು ಹುಳ ಮುತ್ತುತ್ತವೆ ಅಲ್ವಾ? ಅವು ರೆಕ್ಕೆ ಬಂದ ಗೆದ್ದಲು. ಹಾರುವಾಗ ಬೆಳಕಿನತ್ತ ನುಗ್ಗುತ್ತವೆ. ಸ್ವಲ್ಪ ಹೊತ್ತಿಗೆ ರೆಕ್ಕೆ ಉದುರಿಸಿ, ಅದೇ ಹುಳಗಳು ಕತ್ತಲ ಬಿಲ ಹುಡುಕಿಕೊಂಡು ಮಣ್ಣಿಗೆ ಇಳಿಯುತ್ತವೆ. ಒಂದೇ ಹುಳ, ಒಂದು ಗಂಟೆಯ ಅಂತರ, ಬೆಳಕಿನ ಬಗ್ಗೆ ಪೂರ್ತಿ ಉಲ್ಟಾ ನಡವಳಿಕೆ.

ಚಿಪ್ಪಿನ ಮರಿಗಳಲ್ಲೂ ಹೀಗೇ. ಹುಟ್ಟಿದ ಹೊಸದರಲ್ಲಿ ಹೆಚ್ಚಿನವು ಬೆಳಕಿನ ಕಡೆ, ಅಂದರೆ ಮೇಲಕ್ಕೆ ಈಜುತ್ತವೆ. ಮೇಲೆ ತಿನ್ನಲು ಪಾಚಿ ಕಣ ಇರುತ್ತದೆ, ಪ್ರವಾಹ ಇರುತ್ತದೆ. ಮರಿಯ ವೇಗ ಸೆಕೆಂಡಿಗೆ ಒಂದೆರಡು ಮಿಲಿಮೀಟರ್ ಇದ್ದೀತು. ಅಡ್ಡಕ್ಕೆ ಈಜಿ ಅದು ಎಲ್ಲಿಗೂ ತಲುಪಲಾರದು. ಆದರೆ ಮೇಲೆ ಕೆಳಗೆ ಹೋಗಿ ತನಗೆ ಬೇಕಾದ ನೀರಿನ ಪದರ ಹಿಡಿದರೆ ಸಾಕು, ಉಳಿದ ಪ್ರಯಾಣ ಪ್ರವಾಹದ್ದು. ಬೇರೆ ಊರಿಗೆ ನಡೆದು ಹೋಗಲಾಗದಿದ್ದರೂ ಸರಿಯಾದ ಬಸ್ ಹತ್ತಬಹುದಲ್ಲ, ಹಾಗೆ.

ಡೆನ್ಮಾರ್ಕಿನ ಕಡಲ ವಿಜ್ಞಾನಿ ಗುನ್ನಾರ್ ಥೋರ್ಸನ್ 1964ರಲ್ಲಿ ಈ ವಿಷಯದ ಅಲ್ಲಿಯವರೆಗಿನ ಮಾಹಿತಿಯನ್ನೆಲ್ಲ ಒಟ್ಟು ಹಾಕಿದ. ಕಡಲ ತಳದಲ್ಲಿ ಬದುಕುವ 141 ಜಾತಿಯ ಪ್ರಾಣಿಗಳ ಮರಿಗಳಲ್ಲಿ ಶೇ. 82ರಷ್ಟು ಜಾತಿಗಳವು ಎಳೆಯ ಪ್ರಾಯದಲ್ಲಿ ಬೆಳಕಿನತ್ತ ಹೋಗುತ್ತವೆ. ಶೇ. 12ಕ್ಕೆ ಬೆಳಕಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಶೇ. 6 ಮಾತ್ರ ಮೊದಲಿನಿಂದಲೇ ಬೆಳಕಿನಿಂದ ದೂರ ಓಡುತ್ತವೆ.

ನೆಲೆಯೂರುವ ಹೊತ್ತು ಬಂದಾಗ ಬಹಳಷ್ಟು ಮರಿಗಳು ತಿರುಗಿಬೀಳುತ್ತವೆ. ಕಾಲು ಬಂದ ಮಸೆಲ್ ಮರಿ (ಪಚ್ಚಿಲೆಯ ಯುರೋಪಿನ ನೆಂಟ ಅನ್ನಿ) ಬೆಳಕು ಬಿಟ್ಟು ಕೆಳಗೆ ಇಳಿಯುತ್ತದೆ. ಸಿಂಪಿಯ ಮರಿ ಕಲ್ಲಿನ ಮೇಲ್ಭಾಗಕ್ಕಿಂತ ಅಡಿಭಾಗವನ್ನು ಆರಿಸುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಬಿಸಿಲು ಬೀಳುವ ಕಡೆ ಪಾಚಿ ದಟ್ಟವಾಗಿ ಬೆಳೆದು ಪುಟ್ಟ ಸಿಂಪಿಯನ್ನು ಮುಚ್ಚಿಬಿಡುತ್ತದೆ. ಮೇಲ್ಮುಖದ ಮೇಲೆ ಕೆಸರು ಕೂತು ಉಸಿರು ಕಟ್ಟಿಸುತ್ತದೆ. ಇಳಿತದಲ್ಲಿ ನೀರು ಹೋದಾಗ ಬಿಸಿಲು ಸುಡುತ್ತದೆ. ಹಾಗಾಗಿ ನೆರಳು ಅಂದರೆ ಮರಿಗೆ ‘ಇದು ಒಳ್ಳೆಯ ಸೈಟು’ ಎನ್ನುವ ಒಂದು ಗುರುತು.

ಈ ತಿರುವು ನೆನಪಿರಲಿ. ಬೆಳಕು ಮರಿಯನ್ನು ಕರೆಯುತ್ತದೋ ಓಡಿಸುತ್ತದೋ ಎಂದು ಯಾರಾದರೂ ಕೇಳಿದರೆ, ಮರಿಗೆ ಎಷ್ಟು ದಿನ ಆಯಿತು ಎಂದು ಮೊದಲು ತಿರುಗಿ ಕೇಳಬೇಕು.

## ಕಣ್ಣು ಅಂದರೆ ಒಂದು ಚುಕ್ಕೆ

ಇಷ್ಟು ಚಿಕ್ಕ ಜೀವಿ ಬೆಳಕನ್ನು ಕಾಣುವುದು ಹೇಗೆ?

ನೆಲೆಯೂರುವುದಕ್ಕೆ ಕೆಲವು ದಿನ ಮೊದಲು ಸಿಂಪಿ ಮರಿಯ ಚಿಪ್ಪಿನೊಳಗೆ ಒಂದೊಂದು ಬದಿಗೆ ಒಂದರಂತೆ ಕಪ್ಪು ಚುಕ್ಕೆ ಕಾಣಿಸಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುವಂಥದು. ಅದೇ ಅದರ ಕಣ್ಣು. ಅದು ಚಿತ್ರ ಕಾಣುವ ಕಣ್ಣಲ್ಲ. ಬೆಳಕು ತಿಳಿಯುವ ಜೀವಕೋಶಗಳು ಒಂದಷ್ಟು, ಅವುಗಳ ಸುತ್ತ ಬಟ್ಟಲಿನ ಹಾಗೆ ಕಪ್ಪು ಬಣ್ಣ. ಅಷ್ಟೇ.

ಆ ಬಟ್ಟಲಿನಲ್ಲೇ ಎಲ್ಲ ಇದೆ. ಕಣ್ಣು ಮುಚ್ಚಿಕೊಂಡು ಬಿಸಿಲಿನಲ್ಲಿ ನಿಂತು, ಕೊಡೆಯನ್ನು ಒಂದು ಕಡೆ ಓರೆ ಹಿಡಿದು ನಿಧಾನವಾಗಿ ಸುತ್ತು ತಿರುಗಿ. ಒಂದು ಹೊತ್ತು ಮುಖಕ್ಕೆ ಬಿಸಿ ತಾಗುತ್ತದೆ, ಒಂದು ಹೊತ್ತು ತಾಗುವುದಿಲ್ಲ. ಸೂರ್ಯ ಯಾವ ಕಡೆ ಇದ್ದಾನೆ ಅಂತ ಕಣ್ಣು ಬಿಡದೆಯೇ ಹೇಳಬಹುದು. ಕಡಲ ಮರಿಗಳಲ್ಲಿ ಬಹಳಷ್ಟು ತಿರುಪಿನಂತೆ ಸುತ್ತುತ್ತ ಈಜುತ್ತವೆ. ಪ್ರತಿ ಸುತ್ತಿನಲ್ಲೂ ಬಟ್ಟಲು ಒಂದು ಸಲ ಬೆಳಕಿಗೆ ಅಡ್ಡ ಬರುತ್ತದೆ.

ಆಮೇಲೆ ತಿರುಗುವುದು ಹೇಗೆ? ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದು ಚಿಪ್ಪಿನ ಮರಿಯಲ್ಲಲ್ಲ, ಪ್ಲಾಟಿನೀರಿಸ್ ಎಂಬ ಕಡಲ ಹುಳುವಿನ ಮರಿಯಲ್ಲಿ. 2008ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಪ್ರಯೋಗಾಲಯದಲ್ಲಿ ಕಂಡದ್ದು ಹೀಗೆ. ಬೆಳಕು ತಿಳಿಯುವ ಕೋಶದಿಂದ ಈಜುವ ಕೂದಲಿಗೆ ನೇರ ತಂತಿ ಇದೆ, ನಡುವೆ ಮಿದುಳಿನ ಕೆಲಸವೇ ಇಲ್ಲ. ಬೆಳಕು ಬಿದ್ದ ಬದಿಯ ಕೂದಲು ಸ್ವಲ್ಪ ನಿಧಾನವಾಗುತ್ತದೆ. ದೋಣಿಯಲ್ಲಿ ಒಂದು ಬದಿಯ ಹುಟ್ಟು ನಿಧಾನವಾದರೆ ದೋಣಿ ಆ ಬದಿಗೇ ತಿರುಗುತ್ತದಲ್ಲ, ಹಾಗೆ ಮರಿ ಬೆಳಕಿನತ್ತ ತಿರುಗುತ್ತದೆ. ಎರಡು ಕೋಶ ಸಾಕು, ಕಣ್ಣು ರೆಡಿ.

ಬಾರ್ನಕಲ್ ಮರಿಯ ಕಣ್ಣು ಇದಕ್ಕಿಂತ ಮೇಲು. ಕೊನೆಯ ಘಟ್ಟದ ಮರಿಗೆ ಸಿಪ್ರಿಸ್ ಎಂದು ಹೆಸರು. ಅದು ಏನೂ ತಿನ್ನುವುದಿಲ್ಲ. ಕೂಡಿಟ್ಟ ಕೊಬ್ಬು ಮುಗಿಯುವುದರೊಳಗೆ ಜಾಗ ಹುಡುಕಬೇಕು. ಅದಕ್ಕೆ ಹಳೆಯ ಚುಕ್ಕೆ ಕಣ್ಣಿನ ಜೊತೆಗೆ, ನೊಣಕ್ಕಿರುವಂಥ ಸಂಯುಕ್ತ ಕಣ್ಣು ಒಂದು ಜೊತೆ ಇರುತ್ತದೆ.

## ಹ್ಯಾಚರಿಯಲ್ಲಿ ಟಾರ್ಪಾಲಿಗೂ ಕೆಲಸವಿದೆ

ಈಗ ಉಪಯೋಗದ ಮಾತಿಗೆ ಬರೋಣ. ಮರಿ ಕೂರಲಿ ಎಂದು ಬಯಸುವವರು ಸಿಂಪಿ ಬೆಳೆಗಾರರು.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಿಂಪಿ ಮರಿಗಳನ್ನು ಒಂದು ಕಡೆ ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸುವ ಕೇಂದ್ರದಲ್ಲಿ, ಹುಟ್ಟಿಸಿ, ಇನ್ನೊಂದು ಕಡೆಗೆ ಪಾರ್ಸೆಲ್ ಕಳಿಸುವ ಪದ್ಧತಿ ದಶಕಗಳಿಂದ ಇದೆ. ಕಪ್ಪು ಚುಕ್ಕೆ ಮೂಡಿದ ಮರಿಗಳನ್ನು ಸೋಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪಾಗಿಟ್ಟು ಕಳಿಸುತ್ತಾರೆ. ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆಯಲ್ಲಿ ಇಪ್ಪತ್ತು ಲಕ್ಷದಷ್ಟು ಮರಿ! ಬೆಳೆಗಾರ ಅದನ್ನು ತೊಟ್ಟಿಯ ಬೆಚ್ಚಗಿನ ಕಡಲ ನೀರಿಗೆ ಬಿಡುತ್ತಾನೆ. ತೊಟ್ಟಿಯಲ್ಲಿ ಮೊದಲೇ ಹಳೆಯ ಸಿಂಪಿ ಚಿಪ್ಪುಗಳನ್ನು ಬಲೆ ಚೀಲದಲ್ಲಿ ತುಂಬಿ ಪೇರಿಸಿರುತ್ತಾನೆ. ಎರಡು ಮೂರು ದಿನದಲ್ಲಿ ಮರಿಗಳು ಆ ಚಿಪ್ಪುಗಳ ಮೇಲೆ ಕೂರುತ್ತವೆ.

ಈ ತೊಟ್ಟಿಯನ್ನು ಸಾಮಾನ್ಯವಾಗಿ ಕಪ್ಪು ಹೊದಿಕೆಯಿಂದ ಮುಚ್ಚುತ್ತಾರೆ. ಯಾಕೆ? ಮಧ್ಯಾಹ್ನದ ಬಸ್ಸನ್ನು ನೆನಪಿಸಿಕೊಳ್ಳಿ. ಒಂದು ಬದಿಗೆ ಬಿಸಿಲು ಹೊಡೆಯುತ್ತಿದ್ದರೆ ಜನರೆಲ್ಲ ನೆರಳಿನ ಬದಿಯ ಸೀಟಿಗೇ ಮುಗಿಬೀಳುತ್ತಾರೆ. ಎಲ್ಲ ಕಿಟಕಿಗೂ ಪರದೆ ಎಳೆದರೆ ಎರಡೂ ಬದಿ ಸಮವಾಗಿ ತುಂಬುತ್ತದೆ. ತೊಟ್ಟಿಯಲ್ಲೂ ಅಷ್ಟೇ. ಬೆಳಕಿದ್ದರೆ ಮರಿಗಳು ಚಿಪ್ಪಿನ ಅಡಿಗೆ, ತೊಟ್ಟಿಯ ತಳಕ್ಕೆ, ಮೂಲೆಗೆ ನುಗ್ಗಿ ಒಂದರ ಮೇಲೊಂದು ಕೂರುತ್ತವೆ. ಕತ್ತಲು ಮಾಡಿದರೆ ಎಲ್ಲ ಕಡೆ ಹರಡಿಕೊಳ್ಳುತ್ತವೆ. ಬೆಳಕಿನ ನಿಯಂತ್ರಣ ಅಂದರೆ ಇಲ್ಲಿ ಒಂದು ಟಾರ್ಪಾಲು, ಅಷ್ಟೇ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಇದೇ ತಿಳಿವಳಿಕೆ ಇನ್ನೂ ಹಳೆಯದೊಂದು ಪದ್ಧತಿಯಲ್ಲೂ ಇದೆ. ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ 1860ರ ದಶಕದಿಂದ ಮನೆಯ ಹೆಂಚಿಗೆ ಸುಣ್ಣ ಬಳಿದು ನೀರಿನಲ್ಲಿ ಇಡುತ್ತಾ ಬಂದಿದ್ದಾರೆ. ಬೋರಲು ಹಾಕಿದ ಹೆಂಚಿನ ಅಡಿಯ ನೆರಳಿನಲ್ಲಿ ಸಿಂಪಿ ಮರಿ ಕೂರುತ್ತದೆ. ಸುಣ್ಣದ ಪದರ ಇರುವುದರಿಂದ ಆಮೇಲೆ ಚಿಪ್ಪು ಒಡೆಯದೆ ಕೆರೆದು ತೆಗೆಯಬಹುದು. ತೂತ್ತುಕುಡಿಯಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಂಪಿ ಕೃಷಿಯ ಪ್ರಯೋಗ ಮಾಡಿದಾಗ ಬಳಸಿದ್ದೂ ಸುಣ್ಣ ಬಳಿದ ಹೆಂಚನ್ನೇ. (ಆರ್ಕಾಶೋನ್‌ನವರು ಹೆಂಚನ್ನು ಕಡಲಿಗೆ ಇಳಿಸುತ್ತಿದ್ದ ಅದೇ ದಶಕದಲ್ಲಿ, 1865ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದರು. ನಮ್ಮ ಹೆಂಚು ಮಾಡಿನ ಮೇಲೇ ಉಳಿಯಿತು.)

ಬೆಳಕು ಹಾಕಿ ಕರೆಯುವ ಉಪಾಯವೂ ಉಂಟು. ಸೀಗಡಿ ಹ್ಯಾಚರಿಗಳಲ್ಲಿ ಮರಿ ಒಡೆದ ಮೇಲೆ ತೊಟ್ಟಿಗೆ ಗಾಳಿ ನಿಲ್ಲಿಸಿ, ಮೇಲೆ ಒಂದು ಬಲ್ಬ್ ಇಳಿಬಿಡುತ್ತಾರೆ. ಚುರುಕಾದ ಮರಿಗಳು ಬೆಳಕಿಗೆ ಈಜಿ ಬರುತ್ತವೆ. ಸೋತವು, ಮೊಟ್ಟೆಯ ಚೂರು, ಕಸ ಎಲ್ಲ ತಳದಲ್ಲಿ ಉಳಿಯುತ್ತದೆ. ಮೇಲೆ ಬಂದವನ್ನು ಮಾತ್ರ ಎತ್ತಿಕೊಂಡರೆ ಆಯಿತು.

ಅಬಲೋನ್ ಎಂಬ ಒಂಟಿ ಚಿಪ್ಪಿನ ಪ್ರಾಣಿಯ ಸಾಕಣೆಯಲ್ಲಿ ಬೆಳಕು ಸುತ್ತು ದಾರಿಯಲ್ಲಿ ಕೆಲಸ ಮಾಡುತ್ತದೆ. ಅದರ ಮರಿ ಕೂರಬೇಕಾದರೆ ತಟ್ಟೆಯ ಮೇಲೆ ತೆಳುವಾದ ಪಾಚಿಯ ಲೇಪ ಇರಬೇಕು. ಬೆಳಕು ಕಮ್ಮಿಯಾದರೆ ಲೇಪ ಬೆಳೆಯದು, ಜಾಸ್ತಿಯಾದರೆ ದಪ್ಪವಾಗಿ ಕಿತ್ತು ಬರುತ್ತದೆ. ಹಾಗಾಗಿ ನೆರಳು ಪರದೆಯನ್ನು ಎಳೆದು ಬಿಟ್ಟು ಪಾಚಿಯನ್ನು ಹದದಲ್ಲಿಡುತ್ತಾರೆ.

## ಕೂರಬೇಡ ಅನ್ನಬೇಕಾದಾಗ

ಇನ್ನೊಂದು ಪಕ್ಷದವರಿಗೆ ಈ ಮರಿಗಳು ದೊಡ್ಡ ತಲೆನೋವು. ಹಡಗಿನವರು ಮತ್ತು ಕಡಲ ನೀರಿನಿಂದ ಯಂತ್ರ ತಣಿಸುವ ವಿದ್ಯುತ್ ಸ್ಥಾವರದವರು.

ಚೆನ್ನೈ ಹತ್ತಿರದ ಕಲ್ಪಾಕ್ಕಂ ಅಣು ವಿದ್ಯುತ್ ಸ್ಥಾವರಕ್ಕೆ ಕಡಲ ನೀರು ಬರುವುದು ಸಮುದ್ರದ ತಳದ ಕೆಳಗೆ ಕೊರೆದ 468 ಮೀಟರ್ ಉದ್ದದ ಸುರಂಗದಲ್ಲಿ. 1980ರ ದಶಕದಲ್ಲಿ ಆ ವ್ಯವಸ್ಥೆಯೊಳಗೆ ಐನೂರು ಟನ್‌ಗೂ ಮೀರಿ ಜೀವಿಗಳು ಬೆಳೆದಿದ್ದವು. ಹೆಚ್ಚಿನ ಪಾಲು ನಮ್ಮ ಇದೇ ಪಚ್ಚಿಲೆ. ಸುರಂಗದೊಳಗೆ ಕಗ್ಗತ್ತಲು, ಪಾಚಿಯ ಕಾಟವಿಲ್ಲ, ತಿನ್ನುವ ಶತ್ರುಗಳು ಕಡಿಮೆ, ಹೊಸ ನೀರು ಹೊಸ ಆಹಾರ ಹೊತ್ತು ಸದಾ ಹರಿದು ಬರುತ್ತದೆ. ಪಚ್ಚಿಲೆ ಸ್ವತಃ ಮನೆ ಕಟ್ಟಿಸಿಕೊಂಡಿದ್ದರೂ ಇಷ್ಟು ಅನುಕೂಲ ಆಗುತ್ತಿರಲಿಲ್ಲವೇನೋ.

ಇದಕ್ಕೆ ಮಾಮೂಲಿ ಮದ್ದು ಕ್ಲೋರಿನ್. ಆದರೆ ಬೆಳೆದ ಪಚ್ಚಿಲೆ ಕ್ಲೋರಿನ್ ವಾಸನೆ ಬಂದರೆ ಚಿಪ್ಪು ಮುಚ್ಚಿಕೊಂಡು ದಿನಗಟ್ಟಲೆ ಕೂರುತ್ತದೆ. ಕೂತ ಮೇಲೆ ಎಬ್ಬಿಸುವುದಕ್ಕಿಂತ ಕೂರುವ ಮುಂಚೆ ತಡೆಯುವುದೇ ಸುಲಭ.

ಹಡಗಿನವರು ಬಳಸಿದ ಮದ್ದು ಇನ್ನೂ ಕಟು. ಟ್ರೈಬ್ಯುಟೈಲ್ ಟಿನ್ ಎಂಬ ತವರದ ರಾಸಾಯನಿಕ ಬೆರೆಸಿದ ಬಣ್ಣ. ಕೆಲಸ ಬಹಳ ಚೆನ್ನಾಗಿ ಮಾಡುತ್ತಿತ್ತು, ಅದೇ ತೊಂದರೆಯಾಯಿತು. ಸಿಂಪಿ ಹೆಂಚಿನ ಅದೇ ಆರ್ಕಾಶೋನ್ ಕೊಲ್ಲಿಯಲ್ಲಿ ದೋಣಿಗಳ ಬಣ್ಣದಿಂದ ಸೋರಿದ ವಿಷಕ್ಕೆ ಸಿಂಪಿಗಳ ಚಿಪ್ಪು ವಿಕಾರವಾಯಿತು, ಮರಿ ಹಿಡಿಯುವುದೇ ನಿಂತಿತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಆ ಬಣ್ಣ ನಿಷೇಧಿಸಿತು. ಜಗತ್ತಿನ ಮಟ್ಟದ ನಿಷೇಧ 2008ರಲ್ಲಿ ಜಾರಿಗೆ ಬಂತು. ಈಗ ಹೆಚ್ಚಾಗಿ ತಾಮ್ರದ ಬಣ್ಣ ಬಳಸುತ್ತಾರೆ, ಅದೂ ನಿರಪಾಯವಲ್ಲ. ವಿಷವೇ ಇಲ್ಲದ ದಾರಿ ಬೇಕು ಅನ್ನುವ ಹುಡುಕಾಟ ಬೆಳಕಿನ ಬಳಿಗೆ ಬಂದದ್ದು ಹೀಗೆ.

ಇಲ್ಲಿ ಬೆಳಕನ್ನು ಅಳೆಯುವ ರೀತಿ ತಿಳಿದಿದ್ದರೆ ಒಳ್ಳೆಯದು. ಬೆಳಕಿನ ಬಣ್ಣವನ್ನು ನ್ಯಾನೊಮೀಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕೆಂಪು ಸುಮಾರು 700, ನೇರಳೆ ಸುಮಾರು 400. ಅದಕ್ಕೂ ಕೆಳಗೆ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ. ಸಂಖ್ಯೆ ಇಳಿದಷ್ಟೂ ಬೆಳಕಿನ ಪೆಟ್ಟು ಜೋರು.

ಮನೆಯ ವಾಟರ್ ಪ್ಯೂರಿಫೈಯರ್‌ನಲ್ಲಿ ಯುವಿ (ಅತಿನೇರಳೆ) ದೀಪ ಇರುತ್ತದಲ್ಲ, ಅದು ಸಾಮಾನ್ಯವಾಗಿ 254 ನ್ಯಾನೊಮೀಟರ್ ಆಸುಪಾಸಿನದು. ಜೀವಕೋಶದ ಡಿಎನ್ಎ ಈ ಬೆಳಕನ್ನು ಚೆನ್ನಾಗಿ ಹೀರಿಕೊಂಡು ಹಾಳಾಗುತ್ತದೆ. ಸೂರ್ಯನಿಂದ ಬರುವ ಈ ಭಾಗವನ್ನು ವಾತಾವರಣವೇ ತಡೆದುಬಿಡುವುದರಿಂದ ಭೂಮಿಯ ಜೀವಿಗಳು ಅದನ್ನು ದಿನನಿತ್ಯ ಎದುರಿಸಿಯೇ ಇಲ್ಲ. ಕೊಳವೆಯೊಳಗೆ ಅಂಥ ದೀಪ ಇಟ್ಟು ನೀರು ಹಾಯಿಸಿದರೆ ಹಾದುಹೋಗುವ ಮರಿಗಳಿಗೆ ಪೆಟ್ಟು ಬೀಳುತ್ತದೆ. ಮರಿ ಅಲ್ಲೇ ಸಾಯಬೇಕೆಂದೇನಿಲ್ಲ. ಮುಂದೆ ಎಲ್ಲೂ ಅಂಟಿಕೊಳ್ಳಲಾರದಷ್ಟು ಸುಸ್ತಾದರೂ ಸ್ಥಾವರದವರಿಗೆ ಸಾಕು. ಅಮೆರಿಕದ ಕೊಲರಾಡೊ ನದಿಯಲ್ಲಿ 2007ರಿಂದ ಕ್ವಾಗಾ ಎಂಬ ಸಿಹಿನೀರಿನ ಮಸೆಲ್ ಹಾವಳಿ ಇದೆ. ಅಲ್ಲಿನ ಡೇವಿಸ್ ಅಣೆಕಟ್ಟಿನ ತಣಿಸುವ ನೀರಿಗೆ ಇಂಥ ಯುವಿ ವ್ಯವಸ್ಥೆ ಹಾಕಿದ್ದಾರೆ.

ಹಡಗಿಗೆ ಕೊಳವೆಯ ಉಪಾಯ ನಡೆಯುವುದಿಲ್ಲ. ಅಲ್ಲಿ ಮೇಲ್ಮೈಯೇ ಹೊಳೆಯಬೇಕು. ಬಣ್ಣ ತಯಾರಿಸುವ ಅಕ್ಜೊನೊಬೆಲ್ ಮತ್ತು ದೀಪದ ಫಿಲಿಪ್ಸ್ ಕಂಪನಿಗಳು ಕೂಡಿ, ಹಡಗಿನ ಲೇಪದ ಒಳಗೇ ಯುವಿ ಎಲ್‌ಇಡಿ ಹುದುಗಿಸುವ ಕೆಲಸಕ್ಕೆ ಕೈ ಹಾಕಿದವು. ಮರಿ ಬಂದು ಮುಟ್ಟುವ ಜಾಗದಿಂದಲೇ ಬೆಳಕು ಬರುವುದರಿಂದ ನೀರು ದಾಟುವ ಕಷ್ಟವಿಲ್ಲ. ಸಣ್ಣ ಪ್ರಮಾಣದಲ್ಲಿ, ನೀರೊಳಗಿನ ಕ್ಯಾಮೆರಾ ಗಾಜು, ಅಳತೆ ಉಪಕರಣಗಳ ಮುಂದೆ ಯುವಿ ದೀಪ ಇಡುವುದು ಈಗಾಗಲೇ ಬಳಕೆಯಲ್ಲಿದೆ.

ಜಪಾನಿನವರು ಬೇರೆ ದಾರಿ ಹಿಡಿದರು. ಬಾರ್ನಕಲ್‌ನ ಸಿಪ್ರಿಸ್ ಮರಿಗಳ ಮೇಲೆ ಸುಮಾರು 410 ನ್ಯಾನೊಮೀಟರ್‌ನ ನೇರಳೆ ಬೆಳಕು ಹಾಯಿಸಿ ನೆಲೆಯೂರದಂತೆ ತಡೆಯುವ ವಿಧಾನಕ್ಕೆ ಅಲ್ಲಿ ಪೇಟೆಂಟ್ ಇದೆ. ಇದು ಕಣ್ಣಿಗೆ ಕಾಣುವ ಬೆಳಕೇ. ಪೆಟ್ಟು ಯುವಿಯಷ್ಟು ಜೋರಲ್ಲ, ಆದರೆ ನೀರಿನಲ್ಲಿ ಅದಕ್ಕಿಂತ ದೂರ ಹೋಗುತ್ತದೆ.

## ಕೆಂಪು ಕಂಡರೆ ನೆಂಟರ ಮನೆ

ಬೆಳಕು ಎಷ್ಟಿದೆ ಅನ್ನುವುದಷ್ಟೇ ಅಲ್ಲ, ಯಾವ ಬಣ್ಣದ್ದು ಅನ್ನುವುದೂ ಮುಖ್ಯ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆಳೆದ ಬಾರ್ನಕಲ್‌ಗಳು ಮಂದವಾದ ಕೆಂಪು ಹೊಳಪು ಬೀರುತ್ತವೆ, ಅದನ್ನು ನೋಡಿಯೇ ಸಿಪ್ರಿಸ್ ಮರಿಗಳು ಹತ್ತಿರ ಬಂದು ಕೂರುತ್ತಿರಬಹುದು ಎಂದು ಕಿಯೊಟಕಾ ಮತ್ಸುಮುರಾ ಮತ್ತು ಪೈ-ಯುವಾನ್ ಚಿಯಾನ್ ತೋರಿಸಿದರು. ಬಾರ್ನಕಲ್‌ಗೆ ನೆರೆಹೊರೆ ಬೇಕೇ ಬೇಕು. ಕದಲದೆ ಕೂತ ಪ್ರಾಣಿ ಜೋಡಿಯಾಗಬೇಕಾದರೆ ಸಂಗಾತಿ ಕೈಗೆಟುಕುವ ದೂರದಲ್ಲೇ ಇರಬೇಕಲ್ಲ.

ಬೋಟಿನ ಅಡಿಗೆ ಬಳಿಯುವ ಬಣ್ಣ ಬಹಳ ಸಲ ಕೆಂಪೇ ಇರುತ್ತದೆ. ಅದು ತಾಮ್ರದ ಆಕ್ಸೈಡಿನ ಬಣ್ಣ. ಹಾಗಂತ ಬಣ್ಣವೇ ಬಾರ್ನಕಲ್‌ಗಳನ್ನು ಕರೆಯುತ್ತಿದೆ ಅಂತ ತೀರ್ಮಾನಿಸಬೇಡಿ. ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತದೆ, ಮೇಲಾಗಿ ಅಲ್ಲಿ ತಾಮ್ರದ ವಿಷ ಕಾದಿರುತ್ತದೆ.

## ಹಾಗಾದರೆ ಎಲ್ಲ ಕಡೆ ಯಾಕೆ ಬಂದಿಲ್ಲ?

ಮೊದಲ ಅಡ್ಡಿ ನೀರೇ. ತಿಳಿಯಾದ ಆಳ ಸಮುದ್ರದಲ್ಲಿ ನೀಲಿ ಬೆಳಕು ಬಹಳ ದೂರ ಇಳಿಯುತ್ತದೆ. ಕೆಸರು, ಪಾಚಿ ತುಂಬಿದ ಕರಾವಳಿ ನೀರಿನಲ್ಲಿ ನೇರಳೆ, ಅತಿನೇರಳೆ ಬೇಗ ಸೋತುಹೋಗುತ್ತವೆ. ಪ್ಯೂರಿಫೈಯರ್‌ನಲ್ಲೂ ಯುವಿಗೆ ಮೊದಲು ಫಿಲ್ಟರ್ ಇರುವುದು ಇದಕ್ಕೇ.

ಎರಡನೆಯದು, ಮರಿಗಳು ಒಂದೇ ಥರ ಅಲ್ಲ. ಒಂದು ಜಾತಿಯನ್ನು ಓಡಿಸುವ ಬೆಳಕು ಇನ್ನೊಂದಕ್ಕೆ ಆಮಂತ್ರಣವಾಗಬಹುದು. ಬ್ರಿಟನ್ನಿನ ವೇಲ್ಸ್ ತೀರದ ಮೆನಾಯ್ ಜಲಸಂಧಿಯಲ್ಲಿ ರಾತ್ರಿ ಬಿಳಿ ಎಲ್‌ಇಡಿ ಬೆಳಗಿಸಿ ಫಲಕಗಳನ್ನು ಮುಳುಗಿಸಿಟ್ಟ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಬಂದರು, ಸೇತುವೆಗಳಲ್ಲಿ ಇರುವಷ್ಟೇ ಬೆಳಕು ಅದು. ಅಷ್ಟಕ್ಕೇ ಕೆಲವು ಜೀವಿಗಳು ಕಮ್ಮಿ ಕೂತವು, ಇನ್ನು ಕೆಲವು ಜಾಸ್ತಿ ಕೂತವು. ನಾವು ಗೊತ್ತಿಲ್ಲದೆಯೇ ಜೆಟ್ಟಿಯ ದೀಪಗಳಿಂದ ಈ ಪ್ರಯೋಗವನ್ನು ಮಾಡುತ್ತಲೇ ಇದ್ದೇವೆ ಎಂದಾಯಿತು. ಅದೇ ದೀಪ ದಡಕ್ಕೆ ಬಿದ್ದರೆ ಗೂಡಿನಿಂದ ಹೊರಬಂದ ಕಡಲಾಮೆ ಮರಿ ದಿಕ್ಕು ತಪ್ಪುವುದೂ ಉಂಟು.

ಮೂರನೆಯದು, ಮರಿಗೆ ಬೆಳಕು ಹಲವು ಗುರುತುಗಳಲ್ಲಿ ಒಂದು ಮಾತ್ರ. ತನ್ನ ಜಾತಿಯ ವಾಸನೆ ಗಾಢವಾಗಿದ್ದರೆ ಬೆಳಕಿದ್ದರೂ ಕೂತುಬಿಡಬಹುದು. ದೀಪಕ್ಕೆ ಕರೆಂಟು ಬೇಕು, ದೀಪದ ಗಾಜಿನ ಮೇಲೇ ಪಾಚಿ ಕೂತರೆ ಅದನ್ನು ಒರೆಸಲು ಜನ ಬೇಕು. ಯುವಿ ಮನುಷ್ಯರ ಕಣ್ಣಿಗೂ ಚರ್ಮಕ್ಕೂ ಅಪಾಯ.

## ನಮ್ಮ ಅಳಿವೆಗಳಲ್ಲಿ

ಕರ್ನಾಟಕದ ಪಚ್ಚಿಲೆ ಬೆಳೆಗಾರರಿಗೆ ಸದ್ಯಕ್ಕೆ ದೀಪ ಬೇಕಾಗಿಲ್ಲ. ಮಳೆಗಾಲ ಕಳೆದ ಮೇಲೆ ಕಡಲ ಬಂಡೆಗಳಿಂದ ಎಳೆಯ ಪಚ್ಚಿಲೆ ಕಿತ್ತು ತರುತ್ತಾರೆ. ಅದನ್ನು ಹಗ್ಗದ ಸುತ್ತ ಇಟ್ಟು ಹತ್ತಿಯ ಬಲೆಬಟ್ಟೆಯಿಂದ ಸುತ್ತಿ ಹೊಲಿದು ಅಳಿವೆಯ ನೀರಿನಲ್ಲಿ ತೂಗುಬಿಡುತ್ತಾರೆ. ಬಟ್ಟೆ ಕೊಳೆಯುವ ಹೊತ್ತಿಗೆ ಪಚ್ಚಿಲೆ ತನ್ನದೇ ದಾರದಿಂದ ಹಗ್ಗ ಹಿಡಿದಿರುತ್ತದೆ. ಮುಂದಿನ ಮಳೆಗೆ ಮೊದಲು ಕೊಯ್ಲು. ಬಂಡೆಯ ಬೀಜ, ಅಂದರೆ ಈ ಎಳೆಯ ಪಚ್ಚಿಲೆ, ಸಾಲದೆ ಹ್ಯಾಚರಿ ಬೀಜವನ್ನೇ ನಂಬಬೇಕಾದ ದಿನ ಬಂದರೆ ಆಗ ಟಾರ್ಪಾಲಿನ ಲೆಕ್ಕ ಇಲ್ಲಿಗೂ ಬರುತ್ತದೆ.

ಅಲ್ಲಿಯವರೆಗೆ ಈ ನೆರಳಿನ ಆಟವನ್ನು ನೋಡಲು ಯಾವ ಉಪಕರಣವೂ ಬೇಡ. ಇಳಿತದ ಹೊತ್ತಿಗೆ ಹತ್ತಿರದ ಜೆಟ್ಟಿಗೋ ಅಳಿವೆಯ ಕಲ್ಲುಕಟ್ಟೆಗೋ ಹೋಗಿ. ಕೈಗೆ ಸಿಗುವ ಕಲ್ಲೊಂದರ ಮೇಲ್ಮೈ ನೋಡಿ, ಆಮೇಲೆ ಮೆಲ್ಲಗೆ ಮಗುಚಿ ಅಡಿ ನೋಡಿ. ಅಂಚು ಹರಿತ ಇರುತ್ತದೆ, ಕೈ ಜಾಗ್ರತೆ. ನೋಡಿ ಆದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೆಯೇ ಬೋರಲು ಇಟ್ಟು ಬನ್ನಿ. ಅಡಿಯಲ್ಲಿ ಕೂತವು ಇನ್ನು ಎದ್ದು ನೆರಳಿಗೆ ಹೋಗಲಾರವು.